ಗುಂಡುಸೂಜಿ

ತುಟಿಯ ನಡುವೆ ಆರು ಗುಂಡುಸೂಜಿ ಕಚ್ಚಿಕೊಂಡೇ
ಅಮ್ಮ ನನಗೆ ಹೊಲಿಗೆ ಕಲಿಸಿದ್ದು.
'ಸೂಜಿ ಬಾಯಲ್ಲಿರುವಾಗ ಮಾತಾಡಬೇಡ, ಲೂರ್ದು'
ಎನ್ನಲಿಕ್ಕೂ ಅವಳು ಮೊದಲು
ಆರನ್ನೂ ಎಣಿಸಿ ಅಂಗೈಗೆ ಇಳಿಸಿಕೊಳ್ಳಬೇಕಿತ್ತು.
ಅಷ್ಟರಲ್ಲಿ ಬಯ್ಯಬೇಕೆಂದದ್ದು
ಅರ್ಧ ಮರೆತೇಹೋಗಿರುತ್ತಿತ್ತು.

ಮರಿಯಣ್ಣನಪಾಳ್ಯದ ಎರಡನೇ ಅಡ್ಡರಸ್ತೆ,
ಷಟರ್ ಅರ್ಧ ಎಳೆದ ಹತ್ತಡಿ ಅಂಗಡಿ,
ದೂರದಲ್ಲಿ ಹೆಬ್ಬಾಳದ ಮೇಲ್ಸೇತುವೆಯ ಸದ್ದು.
ಇಲ್ಲಿ ಕೂತು ಇಪ್ಪತ್ತೆರಡು ವರ್ಷ.
ಯಾರ ಮೈ ಇಳಿಯಿತು, ಯಾರದು ತುಂಬಿತು,
ಯಾರ ತೋಳಲ್ಲಿ ಕಂದುಗಟ್ಟಿದ ಬೆರಳಿನ ಗುರುತು—
ಮನೆಯವರಿಗಿಂತ ಮುಂಚೆ ನನ್ನ ಟೇಪಿಗೆ ಗೊತ್ತು.
ಟೇಪಿಗೆ ಬಾಯಿಲ್ಲ.
ನನಗಿತ್ತು.

ವಿಕ್ಟೋರಿಯಾ, ಇನ್ನಾಸಪ್ಪನ ಕೊನೆಯ ಮಗಳು,
ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು,
ಎರಡು ತಿಂಗಳಲ್ಲಿ ಎರಡು ಸಲ
ಚೂಡಿದಾರದ ಸೊಂಟ ಬಿಚ್ಚಿಸಿಕೊಂಡಳು.
ಸೀರೆಗೆ ಫಾಲ್ಸ್ ಹಾಕಿಸಲು ಬಂದ ಸಗಾಯಮ್ಮನಿಗೆ
ನಾನು ಅಂದದ್ದು ಇಷ್ಟೇ:
'ಆ ಮದುವೆ ಬೇಗ ಮುಗಿಸಿದರೆ ಒಳ್ಳೇದು, ನೋಡಿ.'
ಅದರಲ್ಲಿ ಸುಳ್ಳು ಒಂದಕ್ಷರವಿಲ್ಲ.
ನಗು ಮಾತ್ರ ಇತ್ತು,
ಬಾಬಿನ್ನಿನ ದಾರದ ಹಾಗೆ, ಅಡಿಯಲ್ಲಿ.

ಭಾನುವಾರದ ಎರಡನೇ ಪೂಜೆಯೊಳಗೆ
ಅದು ಗಾಯನವೃಂದಕ್ಕೆ ಮುಟ್ಟಿತ್ತು.
ಸೋಮವಾರ ಬಸ್ಸು ಹತ್ತಿ ಮೆಜೆಸ್ಟಿಕ್ಕಿನಲ್ಲಿ ಇಳಿದು
ಇನ್ನೊಂದು ಬಸ್ಸು ಹಿಡಿದು ಬೇಗೂರಿಗೆ ಹೋಗಿ
ಗಂಡಿನ ಮನೆಯ ಬಾಗಿಲು ತಟ್ಟಿತು.
ನಿಶ್ಚಿತಾರ್ಥದ ಸೀರೆ ಅಂಗಡಿಗೆ ವಾಪಸಾಯಿತು.

ಶುಭ ಶುಕ್ರವಾರಕ್ಕೆ ಹತ್ತು ದಿನ ಮುಂಚೆ
ಡಾಕ್ಟರರು ಅವಳ ಹೊಟ್ಟೆಯಿಂದ ತೆಗೆದರು
ತೆಂಗಿನಕಾಯಿ ಗಾತ್ರದ ಗೆಡ್ಡೆ.

ಪಾಪನಿವೇದನೆಗೆ ಮೊಣಕಾಲೂರಿದೆ.
ಒಂದು ಜಪಸರ ಹೇಳೆನ್ನುತ್ತಾರೆ,
ಸಂಜೆಯೊಳಗೆ ಮುಗಿಸಿಬಿಡೋಣ ಅಂದುಕೊಂಡಿದ್ದೆ.
ಜಾಲರಿಯಾಚೆ ಮುದಿ ಗುರುಗಳು ಕೆಮ್ಮಿದರು.
'ಪ್ರಸಾದ ಹೇಗೆ ತಗೋತೀಯ, ಕೈಯಲ್ಲೋ, ನಾಲಿಗೆಯ ಮೇಲೋ?'
'ನಾಲಿಗೆಯ ಮೇಲೆ, ಸ್ವಾಮಿ. ಅಮ್ಮನ ಕಾಲದಿಂದ ಹಾಗೇ.'
'ಹಾಗಾದರೆ ಅಲ್ಲಿ ಯಾರು ಬಂದು ಕೂರುತ್ತಾರೆಂದು ಗೊತ್ತು.
ಅದೇ ಜಾಗದಲ್ಲಿ ಆ ಹುಡುಗಿಯನ್ನು ಕೂರಿಸಿ ಜಗಿದೆಯಲ್ಲ.'
ತುಂಬ ಹೊತ್ತು ಬಿಟ್ಟು:
'ಇನ್ನು ಸುಮ್ಮನಿರ್ತೀನಿ ಅಂದರೆ ಸಾಲದು.
ಮಾತು ಹೋದ ದಾರಿಯಲ್ಲೇ ಹೋಗು.'

ಹೆಂಗಸರಿಗೆ ಈಗ ಟಿಕೆಟ್ಟಿಲ್ಲ;
ಕಾಸಿಲ್ಲವೆಂಬ ನೆಪವೂ ಸಿಗಲಿಲ್ಲ.

ಬೇಗೂರಿನ ಪಡಸಾಲೆಯಲ್ಲಿ ಒಂಬತ್ತು ಜನ.
ದಾರಿಯುದ್ದಕ್ಕೂ ಹೊಲಿದುಕೊಂಡು ಬಂದ ಚಂದದ ಮಾತೆಲ್ಲ
ಹೊಸ್ತಿಲಲ್ಲೇ ಬಿಚ್ಚಿಹೋಯಿತು.
'ಹಾಗಂದವಳು ನಾನು. ಅದು ಸುಳ್ಳು.'
ಗೆಡ್ಡೆಯ ವಿಷಯ ತುಟಿಯವರೆಗೆ ಬಂತು.
ಹೇಳಿದ್ದರೆ ಎಲ್ಲ ಸಲೀಸಾಗುತ್ತಿತ್ತು.
ಆದರೆ ಆ ಗೆಡ್ಡೆಯೂ ಅವಳದು, ಆ ಗಾಯವೂ.
ನುಂಗಿದೆ.
ಕಾಫಿ ಕೊಟ್ಟರು, ಕೆನೆಗಟ್ಟಿತು.
ಮೂಲೆಯ ಅಜ್ಜಿ ಮಾತ್ರ, ತನ್ನಷ್ಟಕ್ಕೆ ತಾನೇ:
'ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು.'
ಕೆಟ್ಟ ಮದುವೆ ಮತ್ತೆ ಕೂಡಲಿಲ್ಲ.

ಪಾಸ್ಖ ಕಳೆದ ಮೇಲೆ ಒಂದು ಸಂಜೆ
ಅದೇ ಚೂಡಿದಾರ ಹಿಡಿದು ವಿಕ್ಟೋರಿಯಾ ಬಂದಳು.
'ಮತ್ತೆ ಒಳಗೆ ತಗೊಳ್ಳಿ ಆಂಟಿ, ಸಡಿಲ ಆಗಿದೆ.'
ಹಳೆಯ ಹೊಲಿಗೆ ಬಿಚ್ಚಿದ್ದ ಕಡೆ ಸಾಲು ತೂತು.
ನೀರು ಚಿಮುಕಿಸಿ ಇಸ್ತ್ರಿ ಒತ್ತಿದರೆ ಕೆಲವು ಮುಚ್ಚುತ್ತವೆ.
ಕೆಲವು, ಬೆಳಕಿಗೆ ಹಿಡಿದರೆ, ಇನ್ನೂ ಕಾಣುತ್ತವೆ.

ಆರು ಸೂಜಿ ತುಟಿಯಲ್ಲಿಟ್ಟುಕೊಂಡು
ಅವಳ ಸೊಂಟದ ಮುಂದೆ ಮೊಣಕಾಲೂರಿದೆ.
ಒಂದು ಚುಚ್ಚಿದೆ. ಎರಡು.
ಗಾಯದ ಹತ್ತಿರ ಬೆರಳು ತಾನೇ ಹಗುರಾಯಿತು.
ಮೂರು, ನಾಲ್ಕು.
ಐದನೆಯದನ್ನು ಎಲ್ಲಿಡಲೆಂದು ಬೇಕೆಂದೇ ತಡಮಾಡಿದೆ.
ಆರು.
ಬಾಯಿ ಖಾಲಿಯಾಯಿತು.

'ಅವತ್ತು ಅಂದದ್ದು ನಾನೇ ಮಗಳೇ. ಕ್ಷಮಿಸು.'

'ಗೊತ್ತು' ಅಂದಳು, ಕನ್ನಡಿಯನ್ನೇ ನೋಡುತ್ತ.
'ಎಡಗಡೆ ಇನ್ನೊಂದು ಚೂರು ಬಿಗಿ ಮಾಡಿ.'