ದಂಡದ ಡಬ್ಬಿ

ಬೆಟಗೇರಿಯ ನೇಕಾರರ ಓಣಿ ದಾಟಿ
ಎರೆಹೊಲ ಶುರುವಾಗುವ ಕಡೆ ನಮ್ಮ ಕಾಲೇಜು.
ಕಾಲೇಜು ಅನ್ನುವುದು ಫಲಕದ ಮೇಲೆ.
ಮೂರು ಕೋಣೆ, ಮಿಶನ್ ಹೆಂಚು,
ಸೋರುವಲ್ಲಿ ಒಂದು ಬಕೆಟ್ಟು,
ಹನ್ನೊಂದು ಮಂದಿ ನಾವು.
ಹಾಜರಿಯಲ್ಲಿ ನನ್ನದು ಏಳನೆಯ ಹೆಸರು, ಹನೋಕ ಯೋನಪ್ಪ.
ನನ್ನ ಹಿಂದೆ ಗುಳಪ್ಪ, ಅವನ ಹಿಂದೆ ಮುಕ್ತುಂಸಾಬ,
ಮಗ್ಗದ ಕುಣಿಯಿಂದ ನೇರ ಎದ್ದು ಬಂದವನು,
ಅಂಗಿಯ ಮೇಲೆ ದಿನಕ್ಕೊಂದು ಬಣ್ಣದ ನೂಲು.

ಇಂಗ್ಲಿಷ್ ತಾಸಿನಲ್ಲಿ ಕನ್ನಡ ಬಾಯಿಗೆ ಬಂದರೆ
ಮಾತಿಗೆ ಒಂದು ಪೈ.
ಮೇಜಿನ ಮೇಲೆ ಬಿಸ್ಕೀಟಿನ ತಗಡಿನ ಡಬ್ಬಿ,
ಮುಚ್ಚಳದಲ್ಲಿ ಹಿಮದ ಬೆಟ್ಟ, ಒಂದು ಆಕಳು.
ನಾವು ಹಿಮ ಕಂಡದ್ದು ಅಲ್ಲೇ.
ಚೇಳು ಕಡಿದಾಗ ನೆಹೆಮೀಯ ‘ಯವ್ವಾ’ ಅಂದ.
ಅದಕ್ಕೂ ಒಂದು ಪೈ.
ಕೂಡಿದ ದುಡ್ಡಿಗೆ ಕಂದೀಲಿನ ಎಣ್ಣೆ ಬರುತ್ತಿತ್ತು;
ರಾತ್ರಿ ನಾವು ಓದಿದ್ದು
ಹಗಲು ತಪ್ಪಿದ ಮಾತಿನ ಬೆಳಕಿನಲ್ಲಿ.

ಮೂರನೆಯ ತಾಸಿಗೆ ಮಾತ್ರ ದಂಡವಿಲ್ಲ.
ಪುರಾಣಿಕಮಠದ ಕಲ್ಲಿನಾಥಯ್ಯನವರು,
ಹಣೆ ತುಂಬ ವಿಭೂತಿ, ಕಂಕುಳಲ್ಲಿ ಕೊಡೆ,
ಕುಡಿಯುವ ನೀರು ಮನೆಯದೇ, ತಾಮ್ರದ ಚಂಬಿನಲ್ಲಿ.
ತಿಂಗಳಿಗೆ ಹದಿನೆಂಟು ರೂಪಾಯಿಗೆ
ಹಳಗನ್ನಡ, ವ್ಯಾಕರಣ, ಛಂದಸ್ಸು.
ಲಘು ಗುರು ನಮ್ಮ ತಲೆಗೆ ಹತ್ತದಿದ್ದರೆ
ಕಿಟಕಿ ತೆರೆಸುತ್ತಿದ್ದರು.
‘ಕೇಳ್ರಿ, ಮುಕ್ತುಮನ ಅಪ್ಪ ನೇಯಾಕತ್ತಾನ.
ಲಾಳಿ ಹೋದದ್ದು ಲಘು. ಹಣಿಗಿ ಬಡದದ್ದು ಗುರು.’
ಮುಕ್ತುಂಸಾಬ ತಲೆ ತಗ್ಗಿಸಿ ನಕ್ಕ.
ಆ ವರ್ಷ ಛಂದಸ್ಸಿನಲ್ಲಿ ಪಾಸಾದವನು ಅವನೊಬ್ಬನೇ.

ಮುಂಜಾನೆಯ ಪ್ರಾರ್ಥನೆಗೆ ಅಯ್ಯನವರು ಒಳಗೆ ಬಾರರು.
ಹೊರಗೆ ಬೇವಿನ ಕೆಳಗೆ ನಿಂತು
ಕೇಳದವರ ಹಾಗೆ ಕೇಳುವರು.
ಬ್ರೂನರ್ ಸಾಹೇಬರು ತಾವೇ ಕನ್ನಡದಲ್ಲಿ ಬರೆದು
ಅಚ್ಚು ಹಾಕಿಸಿದ ಪ್ರಾರ್ಥನೆ:
‘ಕರ್ತನೇ, ನಿನ್ನ ಬೆಳಕಿನಿಂದ ನಮ್ಮನ್ನು ನಡೆಸು.’
ಅವರ ಬಾಯಲ್ಲಿ ಳ ಎಂದೂ ಲ.
ನಾವು ಕಣ್ಣು ಮುಚ್ಚಿ ಆಮೆನ್ ಅಂದೆವು, ದಿನಾಲೂ;
ಅಡಿಗೆಮನೆಯಿಂದ ರೊಟ್ಟಿಯ ವಾಸನೆ ಬರುತ್ತಿತ್ತು.

ಪ್ಲೇಗಿನ ರಜೆ ಮುಗಿದ ವಾರ
ಅಯ್ಯನವರು ಆ ಪುಸ್ತಕ ಕೇಳಿ ಒಯ್ದರು.
ಮರುದಿನ ತಂದು ಮೇಜಿನ ಮೇಲಿಟ್ಟರು.
ಅದೇ ಸಾಲಿನ ಕೆಳಗೆ ಕೆಂಪು ಶಾಯಿ.

‘ಸಾಹೇಬ್ರ, ಇದು ಪಂಚಮಿ ಆತಲ್ರಿ.
ಬೆಳಕಿನಿಂದ ನಡಸು ಅಂದ್ರ
ಬೆಳಕು ಬಿಡಿಸಿ ಎಲ್ಲಿಗೆ ಒಯ್ಯಾಂವ ಅಂವ?
ಚತುರ್ಥಿ ಇರಲಿ. ಬೆಳಕಿಗೆ.’

ಸಾಹೇಬರ ಕಿವಿ ಕೆಂಪಾದವು.
ಅವರೂ ಇಪ್ಪತ್ತು ವರ್ಷ ವ್ಯಾಕರಣ ಅರೆದವರೇ.
‘ತೃತೀಯಾ ಎಂದು ಓದಬಾರದೇ, ಪಂಡಿತರೇ?’

‘ದೇವರು ಹಂಗ ಓದಿಕೊಂತಾನ್ರಿ, ಅಂವ ಶಾಣ್ಯಾ.
ಈ ಹುಡುಗ್ರು ಪಂಚಮಿ ಅಂತ ತಿಳಕೊಂಡಾರ.
ನೋಡ್ರಿ ಒಮ್ಮೆ ಇವರ ಮಾರಿ.’

ಹೊರಗೆ ಮಗ್ಗ ಬಡಿಯುತ್ತಿತ್ತು,
ಯಾರೂ ಮಾತ್ರೆ ಎಣಿಸಲಿಲ್ಲ.
ಸಾಹೇಬರು ಎದ್ದರು. ಜೇಬು ತಡಕಿದರು.
ಹಿಮದ ಬೆಟ್ಟದ ಮುಚ್ಚಳ ತೆಗೆದು
ಒಂದು ಪೈ ಹಾಕಿದರು.
ಎಣ್ಣೆ ತಂದ ಮರುದಿನ ಅದು, ಡಬ್ಬಿ ಬರಿದು.
ಸದ್ದು ಎಲ್ಲರಿಗೂ ಕೇಳಿಸಿತು.

ಮರುಮುಂಜಾನೆ, ‘ನಿನ್ನ ಬೆಲಕಿಗೆ.’
ಬೇವಿನ ಕೆಳಗೆ ಅಯ್ಯನವರು
ಆ ಲ ಕೇಳಿ ಕಣ್ಣು ಮುಚ್ಚಿದರು,
ಕೊಡೆಯನ್ನು ಈ ಕಂಕುಳಿಂದ ಆ ಕಂಕುಳಿಗೆ ಸರಿಸಿದರು.
ಒಳಗೆ ಬರಲಿಲ್ಲ. ಎಂದೂ ಬರಲಿಲ್ಲ.

ಕಾಲೇಜು ಆರು ವರ್ಷ ನಡೆಯಿತು.
ಹೆಂಚು ಹತ್ತಿ ಜಿನ್ನಿನ ಮಾಡಿಗೆ ಹೋದವು,
ಗುಳಪ್ಪ ಅದೇ ಜಿನ್ನಿನಲ್ಲಿ ಲೆಕ್ಕ ಬರೆದ.
ಡಬ್ಬಿ ಎಲ್ಲಿ ಹೋಯಿತೋ.

ನಾನು ಮುಂಡರಗಿ ಕಡೆ ಸಣ್ಣ ಸಭೆಯೊಂದರ ಉಪದೇಶಿ.
ಪುಸ್ತಕ ಮತ್ತೆರಡು ಸಲ ಅಚ್ಚಾಗಿದೆ,
ಕೆಂಪು ಶಾಯಿ ಅಚ್ಚಿನ ಮನೆಯತನಕ ಮುಟ್ಟಿಲ್ಲ:
ಬೆಳಕಿನಿಂದ, ಅಂತಲೇ ಇದೆ.
ಕಣ್ಣು ಅದನ್ನು ಕಾಣುತ್ತದೆ,
ನಾಲಿಗೆ ಇನ್ನೊಂದನ್ನು ಅನ್ನುತ್ತದೆ.
ಓದು ಬಾರದ ಸಾಲೋಮವ್ವ, ಇಡೀ ಪುಸ್ತಕ ಬಾಯಿಪಾಠ,
ಆರಾಧನೆ ಬಿಟ್ಟ ಮೇಲೆ ನನ್ನ ತೋಳು ಹಿಡಿದು ನಿಲ್ಲಿಸುತ್ತಾಳೆ:
‘ಅಯ್ಯಗೋಳ, ಇವತ್ತೂ ಅಲ್ಲೇ ತಪ್ಪಿದ್ರಿ.’