ಚಾಕಿನ ಗುರುತು

ಜನವರಿ ಒಂದು. ಬಳ್ಳಾರಿ, ಕೌಲ್ ಬಜಾರಿನ ಜೀನ್ಸ್ ಯೂನಿಟ್ಟು.
ಜೇಬಿನ ಒಳಬಟ್ಟೆಗೆ ಚಾಕಿನಲ್ಲಿ ಬರೆದೆ:
ಈ ಸಲ ಗಣಿತ ಪಾಸು.
'ಮಗಳದೇನು?' ಅಂದಳು ಮಾಬುನ್ನಿ.
ನಂದೇ, ಅಂದೆ. ಹೊಲಿಗೆ ಓಡಿಸಿ ಮುಚ್ಚಿದೆ.

ಆ ಪ್ಯಾಂಟು ಕಲ್ಲಿನ ಜೊತೆ ಉರುಳಿ, ಬಣ್ಣ ಬಿಟ್ಟು
ಈಗ ಯಾವೂರಿನ ಯಾವನದೋ ತೊಡೆ ಮೇಲೆ,
ನನ್ನ ಮಾತಿನ ಬಿಳಿಪುಡಿಯೂ ಇಲ್ಲದೆ.

ಫೆಬ್ರವರಿ ಪೂರಾ ಪುಸ್ತಕ ಮುಟ್ಟಲಿಲ್ಲ:
ಆರ್ಡರು, ಮಂಡಿನೋವು, ನಾದಿನಿಯ ಸೀಮಂತ.
ಯಾರೂ ಕೇಳಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ನಿನ್ನೆ ಸೊಂಟಪಟ್ಟಿ ಕತ್ತರಿಸುತ್ತಾ,
ಸುತ್ತಳತೆ ಮೂವತ್ನಾಲ್ಕಾದರೆ ತ್ರಿಜ್ಯ ಎಷ್ಟು?
ಮೇಜಿನ ಮೇಲೇ ಬಿಡಿಸಿದೆ.
ಐದೂವರೆಗೆ ನೂಲೆಳೆ ಕಡಿಮೆ.

ಮಾಬುನ್ನಿ ಟೇಪು ಕೊರಳಿಗೆ ಹಾಕಿಕೊಂಡು,
'ಅಷ್ಟು ದುಂಡಗೆ ಯಾವ ಗಂಡಸಿದ್ದಾನೆ, ಸುಂಕಮ್ಮಾ?'
ಒರೆಸಲು ಬಂದವಳ ಕೈ ಹಿಡಿದೆ.
ಪರೀಕ್ಷೆ ತನಕ ಇರಲಿ.