ಹತ್ತೊಂಬತ್ತು ಕಿಲೋ

ಹೆಗಲ ಮೇಲೆ ನೀಲಿ ಸಿಲಿಂಡರು,
ಉಪ್ಪಳ ಪೇಟೆಯ ಹಿಂದಿನ ಓಣಿ.
ಒಳಗಿನ ಗ್ಯಾಸು ಹತ್ತೊಂಬತ್ತು ಕಿಲೋ.
ಹೊರಗಿನ ಕಬ್ಬಿಣದ ಲೆಕ್ಕ
ಬಿಲ್ಲಿನಲ್ಲಿಲ್ಲ, ಬೆನ್ನಿನಲ್ಲಿದೆ.

ಅಂದುಞ್ಞಿಯ ಅಲ್ಫಾಮ್ ಅಂಗಡಿಗೆ ಇದು ಮೊದಲನೆಯದು.
ಇಷ್ಟು ವರ್ಷ ಆ ಹಿಂಬಾಗಿಲಲ್ಲಿ ಇಳಿಯುತ್ತಿದ್ದದ್ದು
ನನ್ನ ಅಮ್ಮನ ಗೋಣಿ:
ಗೆರಟೆ ಸುಟ್ಟು, ಮಣ್ಣು ಮುಚ್ಚಿ, ತಣಿಸಿ,
ಜರಡಿ ಹಿಡಿದ ಇದ್ದಿಲು,
ಅಲುಗಿಸಿದರೆ ಗಾಜಿನ ಬಳೆಯ ಹಾಗೆ ಕಿಣಿಕಿಣಿ.
ಅದರ ಜಾಗಕ್ಕೆ ಬಂದದ್ದನ್ನು
ಮಗನೇ ಹೊತ್ತು ತಂದಿದ್ದೇನೆ.
ಇಲ್ಲಿ ಸಹಿ ಹಾಕು, ಅಂದುಞ್ಞಿ.

ಮೇಲಿನ ಮಾಳಿಗೆಯ ಹಲ್ಲಿನ ಡಾಕ್ಟರು
ಪಂಚಾಯತಿಗೆ ದೂರು ಕೊಟ್ಟಿದ್ದರಂತೆ:
ಕುರ್ಚಿಯಲ್ಲಿ ಬಾಯಿ ತೆರೆದವರೆಲ್ಲ ಹೊಗೆ ನುಂಗುತ್ತಾರೆ,
ಹಲ್ಲು ಕೀಳುವ ಮೊದಲೇ ಹಸಿವು ಎನ್ನುತ್ತಾರೆ.

ಮೊದಲ ವಾರ ಬರೀ ಚರ್ಚೆ.
ಶಾರ್ಜಾದಿಂದ ರಜೆಗೆ ಬಂದ ಮೊಗ್ರಾಲಿನವನು
ಕೋಳಿಯ ತೊಡೆ ಮೂಸಿ ತಟ್ಟೆಗೆ ಹಾಕಿದ:
'ವೆಂದು. ಚುಟ್ಟಿಲ್ಲ.'
ಬಂದ್ಯೋಡಿನ ಕನ್ನಡ ಮೇಷ್ಟ್ರು, ಕೇಳದೆಯೇ:
'ಸರಿಯಾಗಿ ಹೇಳಿದ ಮಾರಾಯ.
ಬೇಯುವುದು ಅಕರ್ಮಕ, ತಾನೇ ಆದೀತು.
ಸುಡುವುದು ಸಕರ್ಮಕ,
ಅದಕ್ಕೆ ಯಾರಾದರೂ ಹತ್ತಿರ ಕೂತಿರಬೇಕು.'
ಕಾಲೇಜಿನ ಹುಡುಗಿಯರಿಗೆ ಇದೇ ಇಷ್ಟ,
ಕಪ್ಪು ಕಲೆ ಇಲ್ಲ, ಫೋಟೋದಲ್ಲಿ ಬಂಗಾರದ ಬಣ್ಣ.
ಮೂಲೆಯ ಮೇಜಿನಲ್ಲಿ ತುಳುವಿನ ಪುಗೆ, ಮಲಯಾಳದ ಪುಗ,
ನಮ್ಮ ಹೊಗೆ,
ಮೂರೂ ಬಾರದ ಅಡುಗೆಮನೆಯಿಂದ
ನೀಲಿ ಉರಿಯ ಸದ್ದು ಮಾತ್ರ, ಸುಯ್ ಎಂದು.

ಬಾಯಾರಿನಲ್ಲಿ ಕೋಳಿಯ ಮಾತೇ ಇಲ್ಲ.
ಅಲ್ಲಿನ ತಿರುಮಲೇಶ್ವರಿ ಅಕ್ಕ ಬದನೆಕಾಯಿಯನ್ನು
ಗ್ಯಾಸಿನ ಮೇಲೆ ತಿರುಗಿಸುತ್ತ ಅಂದರು:
'ಸಿಪ್ಪೆ ಸುಲಿಯುತ್ತದೆ. ಗೊಜ್ಜು ಆಗುವುದಿಲ್ಲ.'

ಎರಡನೆಯ ವಾರ ಅಂದುಞ್ಞಿ ಉಪಾಯ ಹೂಡಿದ.
ಗ್ಯಾಸಿನಲ್ಲಿ ಬೆಂದ ಕೋಳಿ, ನಡುವೆ
ಈರುಳ್ಳಿ ಸಿಪ್ಪೆಯ ದೊನ್ನೆ,
ಅದರಲ್ಲೊಂದು ಗೆರಟೆ ಕೆಂಡ, ಎರಡು ಹನಿ ತುಪ್ಪ,
ತಟ್ಟನೆ ಮುಚ್ಚಳ.
ಐದು ನಿಮಿಷ.
ಮೊಗ್ರಾಲಿನವನು ಬೆರಳು ಚೀಪಿದ:
'ಈಗ ಬಂತು ನೋಡು.'
ಹತ್ತೊಂಬತ್ತು ಕಿಲೋ ದುಡಿದದ್ದಕ್ಕೆ
ಹೆಬ್ಬೆರಳಿನಷ್ಟು ಕೆಂಡ ರುಜು ಹಾಕಿತ್ತು.

ವಾರಕ್ಕೆ ಆರು ಗೋಣಿ ಹೋಗಿ
ಈಗ ಒಂದು ಬಕೆಟ್ಟು, ಅದೂ ತುಂಬ ಅಲ್ಲ.
ಅಮ್ಮ ನಕ್ಕಳು:
'ಊಟಕ್ಕೆ ಕರೆದದ್ದಲ್ಲ ನನ್ನನ್ನು,
ಅತ್ತರು ಪೂಸಲಿಕ್ಕೆ.'
ನಕ್ಕದ್ದು ಕೆಮ್ಮಾಗಿ, ಕೆಮ್ಮು ನಿಲ್ಲಲಿಲ್ಲ.

ಗ್ಯಾಸಿಗೆ ತನ್ನದೆಂಬ ವಾಸನೆಯೇ ಇಲ್ಲ,
ತರಬೇತಿಯಲ್ಲಿ ಹೇಳಿದ್ದರು.
ಸೋರಿದರೆ ನಾವು ಹೆದರಲಿ ಎಂದು
ಯಾರೋ ಬೆರೆಸಿದ ನಾತ ಅದು.
ಕೆನ್ನಗೆ ಉರಿದ ಕೆಂಡಕ್ಕೂ ಅಷ್ಟೇ, ಹೆಚ್ಚೇನಿಲ್ಲ.
ತೊಟ್ಟಿಕ್ಕಿದ ಕೊಬ್ಬು ಅಲ್ಲಿ ಚುರ್ ಎಂದು ಸತ್ತು
ಮೇಲೆ ಬರುವುದಷ್ಟೇ.
ನಾವು ಆಸೆಪಡಲಿ ಎಂದು
ಅದನ್ನು ಬೆರೆಸಿದವರು ಯಾರು?

ಹೊಗೆ ಬೇಡವೇ ಬೇಡ ಎಂದಿದ್ದಾರೆ ಎದೆಯ ಡಾಕ್ಟರು.
ನಿನ್ನೆ ರಾತ್ರಿ ಒಣ ಬಂಗುಡೆಯನ್ನು
ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಮೇಲೆ ಕಾಯಿಸಿದೆ.
ಗಂಜಿಯ ಜೊತೆ ಮುರಿದು ಬಾಯಿಗಿಟ್ಟಳು,
ಬಹಳ ಹೊತ್ತು ಅಗಿದಳು.
'ಉಪ್ಪುಂಟು. ಮೀನೂ ಉಂಟು.
ಒಳ್ಳೆಯದಾಗಿದೆ,
ನೆಂಟರ ಮನೆಯಲ್ಲಿ ಉಂಡ ಹಾಗೆ.'

ಆಮೇಲೆ ಬಟ್ಟಲು ತೊಳೆಯಲೆಂದು ಎದ್ದು
ಒಲೆಯ ಬಾಯಿಗೆ ಕೈ ಹಾಕಿ ತಡಕಾಡಿದಳು.
ತಿಕ್ಕಲಿಕ್ಕೆ ಒಂದು ಹಿಡಿ
ಬೂದಿ ಇರಲಿಲ್ಲ.